ಒಂದನೇ ಪಾಯಿಂಟಿನ ಗಾಡಿ

ಅಕ್ಕಯಮ್ಮನಿಗೆ ವಯಸ್ಸು ಅರವತ್ತೈದು ದಾಟಿತ್ತು. ಕೈಕಾಲು ಸುಮ್ಮನೆ ಕೂರುವ ಜಾಯಮಾನದವಲ್ಲ, ಬಾಯಂತೂ ಮೊದಲೇ ಅಲ್ಲ. ಜೆ.ಪಿ. ನಗರ ಮುಗಿಯುತ್ತ ಮುಗಿಯುತ್ತ ಕನಕಪುರ ರಸ್ತೆಯ ಕಡೆ ಹೊರಳುವಲ್ಲಿ ಹೊನ್ನಸಿರಿ ಅನ್ನುವ ಬಡಾವಣೆ ಇದೆ. ಸುತ್ತ ಎತ್ತರದ ಕಾಂಪೌಂಡು, ಒಂದೇ ಗೇಟು, ಒಳಗೆ ಸಾಲು ಮನೆಗಳು. ಅಲ್ಲಿ ಮನೆ ಕೊಂಡವರೆಲ್ಲ ಊರ ಬೇರೆ ಬೇರೆ ಕಡೆಯಿಂದ ಬಂದವರು. ಅಕ್ಕಯಮ್ಮ ಮಾತ್ರ ಮನೆ ಕೊಂಡು ಬಂದವರಲ್ಲ, ಮೊದಲಿನಿಂದ ಅಲ್ಲೇ ಇದ್ದವರು. ಆ ಜಾಗದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದದ್ದು ಅವರ ಗಂಡ ಚಿಕ್ಕಬೈರಪ್ಪನ ಮನೆಯವರು. ಜಮೀನು ಬಿಟ್ಟುಕೊಟ್ಟಾಗ ಕ್ಲಬ್ ಹೌಸಿನ ಎದುರಿಗೇ ದೊಡ್ಡ ಮನೆಯೊಂದು ಅವರ ಪಾಲಿಗೆ ಬಂತು. ಈಗ ಅದರಲ್ಲಿ ಗಂಡ, ಕತ್ರಿಗುಪ್ಪೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಮಗ ನಂದಕುಮಾರ್, ಸೊಸೆ ಚೈತ್ರ, ಎಲ್ಲರೂ ಒಟ್ಟಿಗಿದ್ದಾರೆ.

ಅವರ ಕೀಟಲೆ ಬುದ್ಧಿ ಇಂದು ನಿನ್ನೆಯದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮನೆಗೆ ಟ್ರ್ಯಾಕ್ಟರ್ ಬಂದಿತ್ತು. ಹೆಂಗಸರು ಅದರ ಹತ್ತಿರ ಸುಳಿಯಕೂಡದು ಎಂದು ಮಾವ ಹನುಮಯ್ಯ ತಾಕೀತು ಮಾಡಿದ್ದರು. ಒಂದು ದಿನ ಗಂಡಸರೆಲ್ಲ ಯಾವುದೋ ಮದುವೆಗೆ ಹೋಗಿದ್ದರು. ಈ ಹೊಸ ಸೊಸೆ ರಾಗಿ ಮೂಟೆಗಳನ್ನು ಹೇರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರ್ಯಾಕ್ಟರನ್ನು ತಾವೇ ಹೊಡೆದುಕೊಂಡು ಮಿಲ್ಲಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬಂದರು. ಸಂಜೆ ಮಾವ ಗದರಿಸಿದರೆ, ನಾನೆಲ್ಲಿ ಹೊಡೆದೆ ಮಾವ, ಅದೇ ಹೋಗ್ತಿತ್ತು, ಬಿದ್ದುಬಿಡ್ತೀನಿ ಅಂತ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ ಅಷ್ಟೆ, ಎಂದರಂತೆ. ಹನುಮಯ್ಯ ಸೊಸೆಯ ಮುಂದೆ ನಗಬಾರದೆಂದು ಕೊಟ್ಟಿಗೆಗೆ ಹೋಗಿ ಎಮ್ಮೆಗಳ ಮುಂದೆ ನಕ್ಕು ಬಂದರು. ಆಮೇಲೆ ಟ್ರ್ಯಾಕ್ಟರಿಗೆ ಯಾರೂ ತಡೆ ಹೇಳಲಿಲ್ಲ.

ಇಂಥ ಅಕ್ಕಯಮ್ಮನ ಮನೆಯ ಎದುರಿಗೇ ಬಡಾವಣೆಯ ಸಂಘದವರು ಚಾರ್ಜಿಂಗ್ ಸ್ಟೇಷನ್ ತಂದು ನಿಲ್ಲಿಸಿದರು.

ಬಡಾವಣೆಯ ಒಳಗೆ ಪೆಟ್ರೋಲ್ ಗಾಡಿಗಳ ಓಡಾಟ ಕಡಿಮೆಯಾಗಲಿ ಎಂದು ಸಂಘ ಠರಾವು ಮಾಡಿದ ಮೇಲೆ ಒಬ್ಬೊಬ್ಬರೇ ಬ್ಯಾಟರಿ ಬಗ್ಗಿ ಕೊಳ್ಳತೊಡಗಿದ್ದರು. ಗಾಲ್ಫ್ ಆಡುವ ಮೈದಾನದಲ್ಲಿ ಓಡಾಡುತ್ತವಲ್ಲ, ಮೇಲೊಂದು ಚಪ್ಪರ, ಪಕ್ಕಕ್ಕೆ ಬಾಗಿಲಿಲ್ಲದ ಗಾಡಿ, ಅದು. ಮಂಡಿ ನೋವಿನವರಿಗೆ ಗೇಟಿನವರೆಗೆ, ದೇವಸ್ಥಾನದವರೆಗೆ ಹೋಗಿಬರಲು ಹೇಳಿ ಮಾಡಿಸಿದ್ದು. ಎಲ್ಲರ ಮನೆಯಲ್ಲೂ ಚಾರ್ಜ್ ಮಾಡುವ ಅನುಕೂಲ ಇರಲಿಲ್ಲ. ಅದಕ್ಕೇ ಕ್ಲಬ್ ಹೌಸಿನ ಪಕ್ಕ ಒಂದು ಶೀಟಿನ ಶೆಡ್ ಹಾಕಿ, ಮೂರು ಪಾಯಿಂಟ್ ಇಟ್ಟು, ಯಾರು ಬೇಕಾದರೂ ಬಂದು ಚಾರ್ಜ್ ಮಾಡಿಕೊಳ್ಳಬಹುದು ಅಂದರು.

ಉದ್ಘಾಟನೆಯ ದಿನ ಸಂಘದ ಅಧ್ಯಕ್ಷ ಜಯಸಿಂಹ ತೆಂಗಿನಕಾಯಿ ಒಡೆದು, ಬಡಾವಣೆಯ ಅತ್ಯಂತ ಪವಿತ್ರವಾದ ಜಾಗ ಇದು, ಮುಂದಿನ ಪೀಳಿಗೆಗೆ ನಾವು ಕೊಡುತ್ತಿರುವ ಕಾಣಿಕೆ ಇದು, ಎಂದು ಭಾಷಣ ಮಾಡಿದರು. ಅಕ್ಕಯಮ್ಮ ಪಕ್ಕದಲ್ಲಿದ್ದ ನೆರೆಮನೆಯ ಇಂದ್ರಾಣಿಯ ಕಿವಿಯ ಬಳಿ ಬಾಗಿ, ಅದು ತಮ್ಮ ಹಳೆಯ ತಿಪ್ಪೆಗುಂಡಿ ಎಂದು ತಿಳಿಸಿದರು. ಪಿಸುಮಾತೇ ಆದರೂ ಅದು ಕೊನೆಯ ಸಾಲಿನವರೆಗೂ ಹೋಯಿತು. ಪ್ರಸಾದ ಹಂಚುವಾಗ ಜನ ಯಾಕೆ ನಗುತ್ತಿದ್ದಾರೆಂದು ಜಯಸಿಂಹರಿಗೆ ಕೊನೆಗೂ ಗೊತ್ತಾಗಲಿಲ್ಲ.

ಜಯಸಿಂಹ ಜಯನಗರದಲ್ಲಿ ಹುಟ್ಟಿ ಬೆಳೆದವರು. ವಿಮಾ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಮೇಲೆ ಹೆಂಡತಿ ಚೂಡಾಮಣಿಯ ಜೊತೆ ಇಲ್ಲಿಗೆ ಬಂದು ನೆಲೆಸಿದ್ದರು. ಕೆಟ್ಟ ಮನುಷ್ಯ ಏನಲ್ಲ. ಆದರೆ ನಿಯಮ ಅಂದರೆ ಪ್ರಾಣ. ನಾಯಿ ಓಡಾಡಿಸುವುದಕ್ಕೆ, ಹೂ ಕೀಳುವುದಕ್ಕೆ, ಒಣಗಿದ ಬಟ್ಟೆ ತೆಗೆಯುವುದಕ್ಕೆ, ಎಲ್ಲದಕ್ಕೂ ಅವರದೊಂದು ಬೋರ್ಡು ಇರುತ್ತಿತ್ತು. ಚಾರ್ಜಿಂಗ್ ಶೆಡ್ಡಿಗೂ ಒಂದು ನೇತುಹಾಕಿಸಿದರು: ಚಾರ್ಜ್ ಆಗುತ್ತಿರುವ ಗಾಡಿಯನ್ನು ಮಧ್ಯದಲ್ಲಿ ಯಾರೂ ಅಲುಗಾಡಿಸಕೂಡದು.

ಮೂರು ಪಾಯಿಂಟುಗಳಲ್ಲಿ ಒಂದನೆಯದು ಹೊಂಗೆ ಮರದ ನೆರಳಿನಲ್ಲಿತ್ತು. ಅಲ್ಲಿ ಜಯಸಿಂಹರ ಕೆನೆ ಬಣ್ಣದ ಹೊಸ ಬಗ್ಗಿ ಬಂದು ನಿಂತಿತು. ನಿಂತಿತು ಅಂದರೆ ನಿಂತೇಬಿಟ್ಟಿತು. ಬೆಳಿಗ್ಗೆ ನೋಡಿದರೂ ಅಲ್ಲೇ, ಸಂಜೆ ನೋಡಿದರೂ ಅಲ್ಲೇ. ಎರಡನೆಯ ಪಾಯಿಂಟ್ ಬಂದ ವಾರವೇ ಕೆಟ್ಟಿತ್ತು. ಉಳಿದದ್ದು ಮೂರನೆಯದು ಒಂದೇ. ಒಂದು ಗಾಡಿ ಪೂರ್ತಿ ಚಾರ್ಜ್ ಆಗಲು ಅರ್ಧ ದಿನ ಬೇಕು. ಹೀಗಾಗಿ ಶೆಡ್ಡಿನ ಮುಂದೆ ಬಗ್ಗಿಗಳು ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ ನಿಲ್ಲತೊಡಗಿದವು. ಕಾಯುವವರು ಬಿಸಿಲು ತಾಳಲಾರದೆ ಅಕ್ಕಯಮ್ಮನ ಜಗಲಿಗೆ ಬಂದು ಕೂತು, ಅವರು ಕೊಟ್ಟ ಮಜ್ಜಿಗೆ ಕುಡಿದು, ಅಧ್ಯಕ್ಷರನ್ನು ಬೈದುಕೊಂಡು ಹೋಗುವರು. ಅಧ್ಯಕ್ಷರ ಎದುರಿಗೆ ಬಾಯಿಬಿಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಅತ್ತೆಯನ್ನು ವಾರಕ್ಕೆರಡು ಸಲ ಗೇಟಿನ ಬಳಿಯ ಕ್ಲಿನಿಕ್ಕಿಗೆ ಕರೆದೊಯ್ಯಬೇಕಿದ್ದ ಇಂದ್ರಾಣಿಗಂತೂ ಅಳುವುದೊಂದು ಬಾಕಿ.

ಎಲ್ಲರೂ ಬೈಯುತ್ತಿದ್ದಾಗ ಅಕ್ಕಯಮ್ಮ ದೀಪ ನೋಡುತ್ತಿದ್ದರು. ಚಾರ್ಜ್ ಆಗುತ್ತಿದ್ದರೆ ಪಾಯಿಂಟಿನ ಹಸಿರು ದೀಪ ಮಿಣಮಿಣ ಅನ್ನುತ್ತದೆ, ಹೊಟ್ಟೆ ತುಂಬಿದ ಮೇಲೆ ಸ್ಥಿರವಾಗಿ ನಿಲ್ಲುತ್ತದೆ. ಅವರ ಜಗಲಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಒಂದನೇ ಪಾಯಿಂಟಿನ ದೀಪ ಮಿಣುಕಿದ್ದನ್ನು ಅವರು ಕಂಡೇ ಇರಲಿಲ್ಲ. ಅಂದರೆ ಆ ಗಾಡಿಗೆ ಹಸಿವೇ ಇಲ್ಲ. ಹಸಿವಿಲ್ಲ ಅಂದರೆ ಅದು ದುಡಿದಿಲ್ಲ. ದುಡಿಯದ ಎತ್ತನ್ನು ದಿನಾ ಗೋದಲಿಗೆ ಕಟ್ಟುವುದು ಯಾಕೆ?

ಉತ್ತರ ಚೂಡಾಮಣಿಯ ಬಾಯಿಂದಲೇ ಬಂತು. ಕರಿಬೇವು ಬೇಕೆಂದು ಬಂದಿದ್ದ ಅವರು ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಾಗ ಅಕ್ಕಯಮ್ಮ ಮೆಲ್ಲಗೆ ಗಾಡಿಯ ಮಾತು ತೆಗೆದರು. ಚೂಡಾಮಣಿ ನಿಟ್ಟುಸಿರು ಬಿಟ್ಟರು. ದೇವಸ್ಥಾನಕ್ಕೆ ಹೋಗೋಣ ಅಂದರೆ ಗಂಡ ಗಾಡಿ ಚಾರ್ಜಿಗಿದೆ ಅನ್ನುತ್ತಾರಂತೆ. ಕ್ಲಬ್ ಹೌಸಿನ ಭಜನೆಗೆ ಅಂದರೂ ಚಾರ್ಜಿಗಿದೆ. ಗಾಡಿ ತಂದ ಲಾಗಾಯ್ತು ಚೂಡಾಮಣಿ ಅದರಲ್ಲಿ ಕೂತದ್ದು ಪೂಜೆಯ ದಿನ ಫೋಟೋ ತೆಗೆಸಿಕೊಳ್ಳುವಾಗ ಮಾತ್ರ.

ಅಕ್ಕಯಮ್ಮನಿಗೆ ತಟ್ಟನೆ ಹಳೆಯ ಸಂಗತಿಯೊಂದು ನೆನಪಾಯಿತು. ಗಾಡಿ ಬಂದ ಮರುದಿನ ಜಯಸಿಂಹ ಒಬ್ಬರೇ ಅದನ್ನು ಹೊರಡಿಸಲು ನೋಡಿದ್ದರು. ಬಗ್ಗಿಗೆ ಸದ್ದಿಲ್ಲವಲ್ಲ, ಚಾಲೂ ಆಗಿಲ್ಲವೆಂದುಕೊಂಡು ಪೆಡಲನ್ನು ಬಲವಾಗಿ ಒತ್ತಿಬಿಟ್ಟರು. ಅದು ರಿವರ್ಸಿನಲ್ಲಿತ್ತು. ಹಿಂದಕ್ಕೆ ನುಗ್ಗಿದ್ದು ಅಕ್ಕಯಮ್ಮ ಬೇಲಿಯ ಪಕ್ಕ ಹಾಕಿದ್ದ ದೊಡ್ಡಪತ್ರೆ ಪಾತಿಯಲ್ಲಿ ನಿಂತಿತು. ರಿವರ್ಸ್ ಹೇಗಿದೆ ಅಂತ ಟೆಸ್ಟ್ ಮಾಡ್ತಿದ್ದೆ ಎಂದು ಅವರು ಬೆವರು ಒರೆಸಿಕೊಂಡಿದ್ದರು. ಆಮೇಲೆ ಕ್ಲಬ್ ಹೌಸಿನ ಹುಡುಗರು ಅದನ್ನು ತಳ್ಳಿ ತಂದು ಒಂದನೇ ಪಾಯಿಂಟಿಗೆ ನಿಲ್ಲಿಸಿದರು. ಅಲ್ಲಿಂದ ಅದು ಕದಲಿಲ್ಲ.

ವಿಷಯ ಇಷ್ಟೇ. ಮಹಾರಾಯರಿಗೆ ಹೆದರಿಕೆ. ಅದನ್ನು ಹೆಂಡತಿಗೆ ಹೇಳಲಾರದೆ ಗಾಡಿಯನ್ನು ಚಾರ್ಜಿಗೆ ಕಟ್ಟಿಹಾಕಿದ್ದಾರೆ. ಅಕ್ಕಯಮ್ಮ ಇದನ್ನು ಚೂಡಾಮಣಿಗೆ ಹೇಳಲಿಲ್ಲ. ಹೇಳಿಬಿಟ್ಟರೆ ಮಜಾ ಅಲ್ಲಿಗೇ ಮುಗಿಯುತ್ತದೆ. ಕರಿಬೇವಿನ ಜೊತೆ ಎರಡು ನಿಂಬೆಹಣ್ಣನ್ನೂ ಕೊಟ್ಟು ಕಳಿಸಿದರು.

ಅದು ಅವರೆಕಾಯಿಯ ಕಾಲ. ಮರುದಿನ ಬೆಳಿಗ್ಗೆ ಅಕ್ಕಯಮ್ಮ ಒಂದು ಮೊರ ತುಂಬ ಸೊಗಡಿನ ಅವರೆಕಾಯಿ ಹಿಡಿದು ರಸ್ತೆ ದಾಟಿ, ನೇರವಾಗಿ ಜಯಸಿಂಹರ ಬಗ್ಗಿಯ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಹೊಂಗೆಯ ನೆರಳು, ಮೆತ್ತನೆಯ ಸೀಟು, ಕಾಲಿಡಲು ಜಾಗ. ಕಾಯಿ ಬಿಡಿಸಲು ಇಡೀ ಬಡಾವಣೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಸಾಲಿನಲ್ಲಿ ಕಾಯುತ್ತಿದ್ದ ಇಂದ್ರಾಣಿಯನ್ನೂ ಕರೆದರು. ಮೂರನೇ ದಿನದ ಹೊತ್ತಿಗೆ ನಾಲ್ಕೂ ಸೀಟು ಭರ್ತಿಯಾಗಿ, ತಡವಾಗಿ ಬಂದವರು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಬೇಕಾಯಿತು. ಚೂಡಾಮಣಿಯೂ ಬಂದು ಮುಂದಿನ ಸೀಟಿನಲ್ಲಿ, ಸ್ಟಿಯರಿಂಗಿನ ಎದುರಿಗೇ ಕೂತು, ಮಡಿಲಲ್ಲಿ ಬಟ್ಟಲಿಟ್ಟುಕೊಂಡು ಹಿತಕಿದ ಬೇಳೆ ಮಾಡಿದರು. ಕೊನೆಗೂ ಗಾಡಿಯಲ್ಲಿ ಕೂರುವ ಭಾಗ್ಯ ಬಂತಲ್ಲ ಎಂದು ಅವರೇ ನಕ್ಕರು.

ಸುದ್ದಿ ತಿಳಿದು ಜಯಸಿಂಹ ಬಂದರು. ಸೀಟಿನ ತುಂಬ ಅವರೆಸಿಪ್ಪೆ. ಸ್ಟಿಯರಿಂಗಿಗೆ ಯಾರೋ ಕೈಚೀಲ ನೇತುಹಾಕಿದ್ದರು. ಗಂಟಲು ಸರಿಪಡಿಸಿಕೊಂಡು ಅವರು, "ಅಕ್ಕಯಮ್ಮನವರೇ, ಇದು ಚಾರ್ಜಿಗೆ ನಿಂತಿರೋ ಗಾಡಿ" ಅಂದರು.

"ಗೊತ್ತು ಸಾರ್. ನಿಮ್ ಬೋರ್ಡ್ ಓದ್ಕೊಂಡೇ ಹತ್ತಿದೀವಿ. ಅಲುಗಾಡಿಸ್ಬಾರ್ದು ಅಂತ ಐತೆ. ನಾವ್ ಅಲುಗಾಡ್ದಂಗೆ ಕೂತಿದೀವಿ."

ಹೆಂಗಸರೆಲ್ಲ ತಲೆ ತಗ್ಗಿಸಿ ಅವರೆಕಾಯಿಯಲ್ಲೇ ಮಗ್ನರಾದರು. ಜಯಸಿಂಹ ಬೋರ್ಡನ್ನು ಇನ್ನೊಮ್ಮೆ ಓದಿ ನೋಡಿ ಹೊರಟುಹೋದರು. ಎರಡು ದಿನದಲ್ಲಿ ಹೊಸ ಬೋರ್ಡು ಬಂತು: ಚಾರ್ಜ್ ಆಗುತ್ತಿರುವ ಗಾಡಿಯೊಳಗೆ ಯಾರೂ ಕೂರಕೂಡದು.

ಅಕ್ಕಯಮ್ಮ ಅದನ್ನು ಸೊಸೆ ಚೈತ್ರಳಿಂದ ಜೋರಾಗಿ ಓದಿಸಿ, ಎಲ್ಲರಿಗೂ ಕೇಳಿಸಿದ ಮೇಲೆ ತಲೆಯಾಡಿಸಿದರು. ನಿಯಮ ಅಂದರೆ ನಿಯಮ. ಅವರು ಬಗ್ಗಿಯ ಬದಿಗೆ ಹೋಗಿ, ಪ್ಲಗ್ಗನ್ನು ಕಿತ್ತು, ಹಿಂದೆ ಕಾಯುತ್ತಿದ್ದ ಇಂದ್ರಾಣಿಯ ಗಾಡಿಗೆ ಸಿಕ್ಕಿಸಿದರು. ವೈರು ಅಲ್ಲಿಯವರೆಗೆ ಸಲೀಸಾಗಿ ಹೋಯಿತು. ಹಸಿರು ದೀಪ ಅಂದು ಮೊದಲ ಬಾರಿಗೆ ಮಿಣಮಿಣ ಅಂದಿತು. ಈಗ ಈ ಗಾಡಿ ಚಾರ್ಜ್ ಆಗುತ್ತಿಲ್ಲ, ಕೂರಬಹುದು ಎಂದು ತೀರ್ಪು ಕೊಟ್ಟು ಅಕ್ಕಯಮ್ಮ ಮತ್ತೆ ಮೊರ ಹಿಡಿದು ಹತ್ತಿದರು. ಇಂದ್ರಾಣಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಭಯ. ಅವಳು ಸಂಜೆಯವರೆಗೂ ಜಯಸಿಂಹರ ಮನೆಯ ದಿಕ್ಕನ್ನೇ ನೋಡುತ್ತ ಕೂತಳು.

ಜಯಸಿಂಹ ಆ ದಿನ ಬರಲಿಲ್ಲ. ಮನೆಯಲ್ಲಿ ಕೂತು ಯೋಚನೆ ಮಾಡಿದರು. ಇದಕ್ಕೊಂದು ಗಟ್ಟಿಯಾದ ನಿಯಮ ಮಾಡಿದರೆ ಹೆಂಗಸರು ಜಾಗ ಖಾಲಿ ಮಾಡುತ್ತಾರೆ ಎಂದು ಅವರ ಲೆಕ್ಕ. ಮೂರನೇ ಬೋರ್ಡು ಬಂತು: ಚಾರ್ಜ್ ಆಗದೇ ಇರುವ ಗಾಡಿ ಶೆಡ್ಡಿನಲ್ಲಿ ನಿಲ್ಲಕೂಡದು, ಕೂಡಲೇ ತೆಗೆಯತಕ್ಕದ್ದು. ಕೆಳಗೆ ಅವರದೇ ಸಹಿ. ಅವರು ತಾವೇ ಜೊತೆಗೆ ಬಂದು, ಕ್ಲಬ್ ಹೌಸಿನವರಿಂದ ಅದನ್ನು ಕಟ್ಟಿಸಿದರು. ಹಗ್ಗದ ಗಂಟು ಬಿಗಿಯುತ್ತಿದ್ದ ಹಾಗೆ, ತಾವು ಕಟ್ಟಿಸುತ್ತಿರುವುದು ಯಾವ ಗಾಡಿಯ ತಲೆಯ ಮೇಲೆ ಅನ್ನುವುದು ಅವರಿಗೆ ಹೊಳೆಯಿತು. ಹೊಳೆಯಿತು ಅನ್ನುವುದು ಅವರ ಮುಖದಲ್ಲೇ ಗೊತ್ತಾಯಿತು.

"ತೆಗೀಬೇಕಲ್ಲ ಸಾರ್," ಅಂದರು ಅಕ್ಕಯಮ್ಮ, ಸಿಪ್ಪೆಯನ್ನು ಸೆರಗಿನಿಂದ ಒದರುತ್ತ.

ಬೀಗದ ಕೈ ಮನೆಯಲ್ಲಿದೆ ಎಂದರು ಜಯಸಿಂಹ. ಚೂಡಾಮಣಿ ಕೈಚೀಲಕ್ಕೆ ಕೈಹಾಕಿ ಕೀ ತೆಗೆದು ಕೊಟ್ಟರು. ಅವರಿಗೂ ಅಷ್ಟು ಹೊತ್ತಿಗೆ ವಿಷಯದ ವಾಸನೆ ಹತ್ತಿರಬೇಕು. ಸಾಲಿನಲ್ಲಿದ್ದವರು, ಜಗಲಿಯಲ್ಲಿದ್ದವರು, ಕ್ಲಬ್ ಹೌಸಿನವರು, ಎಲ್ಲರೂ ಮೆಲ್ಲಗೆ ಹತ್ತಿರ ಬಂದರು. ಜಯಸಿಂಹ ಕೀಯನ್ನು ಅಂಗೈಯಲ್ಲಿ ಹಿಡಿದು ಸ್ಟಿಯರಿಂಗನ್ನೇ ನೋಡುತ್ತ ನಿಂತರು.

ಇಷ್ಟು ದಿನ ಅಕ್ಕಯಮ್ಮ ಕಾದಿದ್ದು ಈ ಗಳಿಗೆಗೇ. ಆದರೆ ಆ ಮನುಷ್ಯ ಹೀಗೆ ನಿಂತದ್ದನ್ನು ಕಂಡಾಗ ಅವರಿಗೆ ಅಂದುಕೊಂಡಷ್ಟು ಖುಷಿಯಾಗಲಿಲ್ಲ. ಜಯಸಿಂಹರ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಬೋರ್ಡು ಬರೆಸುವ ಜಯಸಿಂಹ ಬೇರೆ, ಈ ಜಯಸಿಂಹ ಬೇರೆ. ಕೀಟಲೆ ಮಾಡಬೇಕು, ಮನುಷ್ಯನ ಮುಖ ಮುರಿಯಬಾರದು ಅನ್ನುವಷ್ಟು ವಿವೇಕ ಅಕ್ಕಯಮ್ಮನಿಗೆ ಇತ್ತು. ಒಂದು ಹೆಜ್ಜೆ ಹೆಚ್ಚಾಯಿತೇನೋ ಅನ್ನಿಸಿ ಅವರು ಮೊರವನ್ನು ಕೆಳಗಿಟ್ಟರು.

"ಸಾರ್, ನನ್ನದೊಂದು ಆಸೆ," ಅಂದರು ಎಲ್ಲರಿಗೂ ಕೇಳುವಂತೆ. "ಈ ಗಾಡೀನ ನಾನ್ ಒಂದ್ ಸುತ್ತು ಹೊಡೀಬೇಕು. ನೀವ್ ಪಕ್ಕದಲ್ ಕೂತ್ಕೊಂಡು ರೂಲ್ಸ್ ಹೇಳ್ಕೊಡಿ. ನಂಗೆ ರೂಲ್ಸ್ ಒಂದೂ ಗೊತ್ತಿಲ್ಲ, ಎಲ್ಲಾದ್ರೂ ತಪ್ಪು ಮಾಡ್ಬಿಟ್ಟೇನು."

ಜಯಸಿಂಹ ಅವರ ಮುಖ ನೋಡಿದರು. ಕೀ ಕೈ ಬದಲಾಯಿಸಿತು. ಜಯಸಿಂಹ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಚೂಡಾಮಣಿ ಮತ್ತು ಇಂದ್ರಾಣಿ ಹಿಂದೆ ಹತ್ತಿದರು. ಅವರೆಕಾಯಿಯ ಮೊರವೂ ಹತ್ತಿತು.

ಅಕ್ಕಯಮ್ಮ ಸೀಟಿನ ಕೆಳಗಿನ ಸ್ವಿಚ್ಚನ್ನು ಮುಂದಕ್ಕೆ ತಿರುಗಿಸಿ, ಪೆಡಲಿನ ಮೇಲೆ ಹೆಬ್ಬೆರಳು ಊರಿದರು. ಗಾಡಿ ಬೆಕ್ಕಿನ ಹಾಗೆ ಹೊರಟಿತು. ಟ್ರ್ಯಾಕ್ಟರ್ ಹೊಡೆದ ಕಾಲಿಗೆ ಇದು ಆಟಿಕೆ. ಮೊದಲ ತಿರುವಿನಲ್ಲಿ ಜಯಸಿಂಹ ಸೀಟಿನ ಕಂಬಿ ಹಿಡಿದುಕೊಂಡರು. ಎರಡನೆಯ ತಿರುವಿನಲ್ಲಿ ಹಾರ್ನ್ ಹೊಡೆಯಬೇಕು ಎಂದು ಹೇಳಿದರು. ಮೂರನೆಯ ತಿರುವು ಕಳೆಯುವಷ್ಟರಲ್ಲಿ ಎಡ ಬಲ, ಹಂಪು, ಕೈಸನ್ನೆ, ಎಲ್ಲದರ ಬಗ್ಗೆಯೂ ಪಾಠ ಶುರುವಾಗಿ ಮೊದಲಿನ ಜಯಸಿಂಹರಾಗಿದ್ದರು. ಅಕ್ಕಯಮ್ಮ ಹೌದಾ ಸಾರ್, ಹಂಗಾ ಸಾರ್ ಎನ್ನುತ್ತ ತಮಗೆ ತೋಚಿದಂತೆ ಹೊಡೆದರು.

ಪಾರ್ಕಿನ ಪಕ್ಕ, ಜನ ಇಲ್ಲದ ರಸ್ತೆಯಲ್ಲಿ ಅವರು ಗಾಡಿ ನಿಲ್ಲಿಸಿ ಇಳಿದರು. ಸೊಂಟ ಹಿಡಿಯಿತು ಎಂದು ನೆಪ ಹೇಳಿ, ಚೂಡಾಮಣಿಯನ್ನು ಮುಂದೆ ಬಂದು ಕೂರಲು ಕರೆದರು.

"ನಾನಾ?" ಅಂದರು ಚೂಡಾಮಣಿ. "ನಂಗೆ ಸೈಕಲ್ಲೂ ಬರಲ್ಲ."

"ಸೈಕಲ್ ಬೀಳ್ತದೆ. ಇದು ಬೀಳಲ್ಲ."

ಚೂಡಾಮಣಿ ಗಂಡನ ಕಡೆ ನೋಡಿದರು. ಬೇಡ ಅನ್ನುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಬೇಡ ಅಂದರೆ ತಾವೇ ಹೊಡೆಯಬೇಕಾಗುತ್ತದೆ ಎನ್ನುವುದು ಜಯಸಿಂಹರಿಗೆ ಗೊತ್ತಿತ್ತು. ಅವರು ಹೊರಗಿನ ಹುಲ್ಲು ನೋಡುತ್ತ, ತಗ್ಗಿದ ದನಿಯಲ್ಲಿ ಅಂದರು: "ಮೆಲ್ಲಗೆ ಒತ್ತು. ಮೊದ್ಲು ಸ್ವಿಚ್ ಎಲ್ಲಿದೆ ನೋಡ್ಕೋ. ನಾನು ನೋಡಿರಲಿಲ್ಲ. ಅದಕ್ಕೇ ಆವತ್ತು ಹಿಂದಕ್ಕೆ ಹೋಗಿದ್ದು."

ಚೂಡಾಮಣಿ ಗಂಡನ ಬಾಯಿಂದ ಇಂಥ ಮಾತು ಕೇಳಿದ್ದು ಅದೇ ಮೊದಲಿರಬೇಕು. ಅಕ್ಕಯಮ್ಮ ಹಿಂದೆ ಹತ್ತಿದ ಮೇಲೆ ಅವರು ಮುಂದೆ ಬಂದು ಕೂತರು. ಸ್ವಿಚ್ ನೋಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಪೆಡಲ್ ಒತ್ತಿದರು. ಗಾಡಿ ಹೊರಟಿತು. ನೇರವಾಗಿಯೇ ಹೊರಟಿತು. ತೊಂದರೆ ಏನೆಂದರೆ, ನಿಲ್ಲಿಸುವುದು ಹೇಗೆ ಎಂದು ಯಾರೂ ಇನ್ನೂ ಹೇಳಿಕೊಟ್ಟಿರಲಿಲ್ಲ. ಪಾರ್ಕು ದಾಟಿತು, ತಮ್ಮ ಮನೆಯೂ ದಾಟಿಹೋಯಿತು. ಎದುರಿಗೆ ಬಡಾವಣೆಯ ಗೇಟು ಬಂತು. ಕಾವಲಿಗಿದ್ದ ಹನಮಂತ ವಿಜಯಪುರದ ಕಡೆಯವನು. ಅಧ್ಯಕ್ಷರ ಗಾಡಿ ಕಂಡೊಡನೆ ಎದ್ದು ಸೆಲ್ಯೂಟ್ ಹೊಡೆದು, ತಡೆಗಂಬವನ್ನು ಮೇಲೆತ್ತಿಬಿಟ್ಟ. ಬಗ್ಗಿ ಬಡಾವಣೆಯ ಹೊರಗೆ ಹೋಗಕೂಡದು ಎಂಬ ನಿಯಮವನ್ನು ಬರೆದವರು ಜಯಸಿಂಹರೇ. ಅವರು ಬ್ರೇಕು, ಎಡಗಡೆಯದು, ಎಡಗಡೆಯದು ಎಂದು ಕೂಗುತ್ತಿದ್ದಾಗಲೇ ಗಾಡಿ ಆ ನಿಯಮದ ಮೇಲೆ ಹಾಯ್ದುಹೋಯಿತು.

ಪುಣ್ಯಕ್ಕೆ ಹೊರಗಿನದು ಸಣ್ಣ ರಸ್ತೆ. ಚೂಡಾಮಣಿಯ ಕಾಲಿಗೆ ಬ್ರೇಕು ಸಿಕ್ಕಿದ್ದು ಅಲ್ಲಿದ್ದ ದರ್ಶಿನಿ ಹೋಟೆಲಿನ ಎದುರಿಗೆ. ಗಾಡಿ ಸರಕ್ಕನೆ ನಿಂತಿತು. ಮೊರದ ಅವರೆಕಾಯಿ ಅರ್ಧದಷ್ಟು ಜಯಸಿಂಹರ ಬೆನ್ನ ಮೇಲೆ ಬಿತ್ತು. ಮೊದಲು ನಕ್ಕವರು ಚೂಡಾಮಣಿ. ಅವರಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಜಯಸಿಂಹ ಕಾಲರಿನೊಳಗೆ ಬಿದ್ದಿದ್ದ ಅವರೆಕಾಯೊಂದನ್ನು ತೆಗೆದು ನೋಡಿ, ಇಷ್ಟು ದೂರ ಬಂದಾಯ್ತಲ್ಲ, ಖಾಲಿ ದೋಸೆಯಾದರೂ ತಿನ್ನೋಣ ಅಂದರು. ನಾಲ್ವರೂ ಗಾಡಿಯಲ್ಲೇ ಕೂತು ದೋಸೆ ತಿಂದರು. ತಿರುಗಿ ಬರುವಾಗ ಅಕ್ಕಯಮ್ಮ ಹೊಡೆದರು. ಹನಮಂತ, "ಎಲ್ಲಿಗೆ ಹೋಗಿದ್ರಿ ಸಾಹೇಬ್ರ?" ಎಂದು ಕೇಳಿದ್ದಕ್ಕೆ ಜಯಸಿಂಹ ಗಂಭೀರವಾಗಿ, ತನಿಖೆಗೆ, ಅಂದರು.

ಇದೆಲ್ಲ ಇಲ್ಲಿಗೆ ಮುಗಿಯಿತು ಎಂದು ಅಕ್ಕಯಮ್ಮ ತಿಳಿದಿದ್ದರು. ಆದರೆ ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಜಯಸಿಂಹ ಎದ್ದು ನಿಂತು, ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಶಿಸ್ತು ತರಲು ಒಬ್ಬ ಉಸ್ತುವಾರಿ ಬೇಕು, ಅದಕ್ಕೆ ಎಲ್ಲ ಬೋರ್ಡುಗಳನ್ನೂ ಅಕ್ಷರಶಃ ಪಾಲಿಸುವ ಅಕ್ಕಯಮ್ಮನವರಿಗಿಂತ ಯೋಗ್ಯರು ಇಲ್ಲ, ಎಂದು ಸೂಚಿಸಿದರು. ಹೇಳುವಾಗ ಮುಖ ಕಲ್ಲಿನ ಹಾಗಿತ್ತು. ಸಭೆ ಚಪ್ಪಾಳೆ ಹೊಡೆದು ಒಪ್ಪಿತು. ಅಕ್ಕಯಮ್ಮ ಬೇಡವೆಂದು ಬಾಯಿ ತೆರೆಯುವಷ್ಟರಲ್ಲಿ ಅವರ ಕೈಗೆ ಊದುವ ಸೀಟಿಯೊಂದನ್ನೂ ಕೊಟ್ಟಾಗಿತ್ತು. ಚಿಕ್ಕಬೈರಪ್ಪ ಹಿಂದಿನ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಹೆಂಡತಿಯನ್ನು ಯಾರಾದರೂ ಹೀಗೆ ಹಿಡಿದುಹಾಕಿದ್ದನ್ನು ಅವರು ಈ ಜನ್ಮದಲ್ಲಿ ಕಂಡಿರಲಿಲ್ಲ.

ಈಗ ಒಂದನೇ ಪಾಯಿಂಟ್ ಸರದಿಯ ಮೇಲೆ ಎಲ್ಲರಿಗೂ ಸಿಗುತ್ತದೆ. ಎರಡನೆಯದು ರಿಪೇರಿಯಾಗಿದೆ. ಅಕ್ಕಯಮ್ಮ ಒಂದು ದಿನ ಕೂಡ ಸೀಟಿ ಊದದೆ ಇರಲಾರದೆ, ಸೊಪ್ಪಿನವನನ್ನು ಕರೆಯುವುದಕ್ಕೂ ಅದನ್ನೇ ಊದುತ್ತಾರೆ. ಚೂಡಾಮಣಿ ಶುಕ್ರವಾರ ದೇವಸ್ಥಾನಕ್ಕೆ, ಮಂಗಳವಾರ ಭಜನೆಗೆ ತಾವೇ ಗಾಡಿ ಹೊಡೆಯುತ್ತಾರೆ. ಪಕ್ಕದಲ್ಲಿ ಕೂತ ಜಯಸಿಂಹ ಪ್ರತಿ ತಿರುವಿನಲ್ಲೂ ಏನಾದರೂ ಹೇಳುತ್ತಾರೆ. ಚೂಡಾಮಣಿ ಹೂಂ ಅನ್ನುತ್ತಾರೆ. ಮೊನ್ನೆ ಗಾಡಿ ಅರ್ಧ ದಾರಿಯಲ್ಲಿ ನಿಂತುಹೋಯಿತು. ಚಾರ್ಜಿಗೆ ಹಾಕುವುದನ್ನು ಇಬ್ಬರೂ ಮರೆತಿದ್ದರು. ಜಯಸಿಂಹ ಇಳಿದು ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದರು, ಚೂಡಾಮಣಿ ಒಳಗೆ ಕೂತು ಹಾರ್ನ್ ಹೊಡೆಯುತ್ತ ಬಂದರು.